ಲಕ್ಷ್ಮಿದೇವಮ್ಮನ ಪಿಕಪ್ಪಿನ ಕಪ್ಪು ಹೊಗೆ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಎಂಜಿನ್ನಿನ ಒಳಗಿನಿಂದ ಎಂದುಕೊಂಡು ಒಂದು ಪುಟ ಬರೆದೆ. ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಸುಳ್ಳು. ಡಿಲೀಟ್ ಮಾಡಿದೆ.)

೨
ಮಂಡಿಕಲ್ ಕಡೆಯ ಲಕ್ಷ್ಮಿದೇವಮ್ಮ ತನ್ನ ಹೊಲದ ಟೊಮೆಟೊವನ್ನು ತನ್ನದೇ ಪಿಕಪ್ಪಿನಲ್ಲಿ ಹೇರಿಕೊಂಡು ತಾನೇ ಓಡಿಸುವವಳು. ಅವತ್ತು ಬೆಳಿಗ್ಗೆ ಚಿಂತಾಮಣಿ ಮಾರ್ಕೆಟ್ಟಿಗೆ ಹೊರಟಾಗ ದಿಬ್ಬದಲ್ಲಿ ಗಾಡಿ ಎಳೆಯಲಿಲ್ಲ. ಹಿಂದೆ ಕಪ್ಪು ಹೊಗೆ. ಬೈಕಿನವನೊಬ್ಬ ಕರ್ಚೀಫು ಕಟ್ಟಿಕೊಂಡು ಬೈದುಹೋದ. ತೆವಳುತ್ತ ಬಂದು ಊರಂಚಿನ ಆವುಲಪ್ಪನ ಗ್ಯಾರೇಜು ಸೇರಿದಳು.

ಆವುಲಪ್ಪ ಬಾನೆಟ್ ಎತ್ತಿದ. "ಇಜಿಆರ್ ವಾಲ್ವ್ ಕಣಮ್ಮ. ಒಂದು ತಗಡು ಇಟ್ಟು ಮುಚ್ಚಾಕ್ತೀನಿ, ಅರ್ಧ ಗಂಟೇಲಿ ಹೊರಡ್ತೀಯ."

ಅವನ ಸೊಸೆ ಹರಿತಾ ಐಟಿಐ ಮುಗಿಸಿದವಳು. "ಬೇಡ ಮಾವ, ಬಿಚ್ಚಿ ತೊಳೆಯಣ. ಮಧ್ಯಾಹ್ನ ಆಗುತ್ತೆ, ಅಷ್ಟೇ."

"ಅಷ್ಟೊತ್ತಿಗೆ ಹರಾಜು ಮುಗ್ದಿರುತ್ತೆ ಕಣಮ್ಮ. ಟೊಮೆಟೊ ನಿಂಗೆ ಮಾರ್ಲಾ?" ಎಂದಳು ಲಕ್ಷ್ಮಿದೇವಮ್ಮ.

೩
ಇಲ್ಲಿ ಆವುಲಪ್ಪ ನನ್ನ ಕಡೆ ತಿರುಗಿದ. "ಏನ್ ಸಾರ್, ನನ್ನ ವಿಲನ್ ಮಾಡ್ತಿದ್ದೀರಾ? ತಗಡು ಹಾಕಿದ ಗಾಡಿ ಹೊಗೆ ಟೆಸ್ಟಲ್ಲೂ ಪಾಸಾಗುತ್ತೆ. ಬರ್ಕೊಳ್ಳಿ."

ಬರೆದುಕೊಂಡೆ. ಅವನು ಹೇಳಿದ್ದು ನಿಜ. ತೊಂದರೆ ಇರುವುದೇ ಅಲ್ಲಿ.

ಹರಿತಾ ಹೇಳಿದಳು: "ಉರಿದ ಹೊಗೇಲಿ ಒಂದಿಷ್ಟನ್ನ ತಣ್ಣಗೆ ಮಾಡಿ ವಾಪಸ್ ಎಂಜಿನ್ನಿಗೆ ಬಿಡೋದೇ ಇದರ ಕೆಲಸ ಅಕ್ಕ. ಆಗ ಒಳಗಿನ ಉರಿ ವಿಪರೀತ ಕಾಯಲ್ಲ, ವಿಷದ ಗಾಳಿ ಕಮ್ಮಿ ಹುಟ್ಟುತ್ತೆ. ಈಗ ಮಸಿ ಕಟ್ಟಿ ವಾಲ್ವ್ ಬಾಯಿ ತೆರ್ಕೊಂಡೇ ನಿಂತಿದೆ. ಹೊಗೆ ಜಾಸ್ತಿ ನುಗ್ಗಿ, ಒಳ್ಳೆ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರೀತಿದೆ. ಮುಚ್ಚಿದ್ರೆ ಟೆಸ್ಟಲ್ಲಿ ಅಳೆಯೋ ಕಪ್ಪು ಹೊಗೆ ಹೋಗುತ್ತೆ, ಕಾಣದ ವಿಷ ಜಾಸ್ತಿ ಆಗುತ್ತೆ."

"ಕಾಣದೇ ಇರೋದು ಯಾರಿಗೇನು ಮಾಡುತ್ತೆ?"

"ನಿಮ್ಮ ಉಬ್ಬಸಾನೇ ಕೇಳಿ ಮಾವ."

ಆವುಲಪ್ಪ ಕೆಮ್ಮಬಾರದೆಂದು ಬಹಳ ಹೊತ್ತು ತಡೆದುಕೊಂಡ. ಕೆಮ್ಮಿದ. (ಆ ಕೆಮ್ಮು ನಾನು ಕಟ್ಟಿ ಬರೆದದ್ದಲ್ಲ, ಅವನದೇ.)

೪
ಅಂತ್ಯ ಒಂದು: ತಗಡು ಹಾಕಿಸಿದರು. ಇದನ್ನು ಬರೆದರೆ ಹರಿತಾ ನನ್ನ ಜೊತೆ ಮಾತು ಬಿಡುತ್ತಾಳೆ.
ಅಂತ್ಯ ಎರಡು: ವಾಲ್ವ್ ತೊಳೆದರು, ಟೊಮೆಟೊ ಬಾಡಿತು. ಲಕ್ಷ್ಮಿದೇವಮ್ಮ ನನ್ನನ್ನು ಸುಮ್ಮನೆ ಬಿಡುವವಳಲ್ಲ.

ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವಳು ಆವುಲಪ್ಪನನ್ನು ಕೇಳಿದಳು: "ಅಣ್ಣ, ನಿಮ್ಮ ಟೆಂಪೋ ಸುಮ್ನೆ ನಿಂತೈತಲ್ಲ?"

ನನಗೆ ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

೫
ಕ್ರೇಟುಗಳು ಟೆಂಪೋ ಹತ್ತಿದವು. ಜನ್ಮದಲ್ಲಿ ಒಂದು ಟೊಮೆಟೊವನ್ನೂ ಮಾರದ ಆವುಲಪ್ಪ ಗೊಣಗುತ್ತ ಮಾರ್ಕೆಟ್ಟಿಗೆ ಹೋದ. ಇಲ್ಲಿ ಹೆಂಗಸರಿಬ್ಬರೂ ಬ್ರಷ್ ಹಿಡಿದು ಕೂತು ವಾಲ್ವಿನ ಮಸಿ ಕೆರೆದರು. ಲಕ್ಷ್ಮಿದೇವಮ್ಮನ ಮೂಗಿನ ಮೇಲೂ ಮಸಿ. ಹರಿತಾ ನೋಡಿ ಮುಸಿಮುಸಿ ನಕ್ಕಳು.

ಮಧ್ಯಾಹ್ನ ಆವುಲಪ್ಪ ಮೀಸೆ ತಿರುವುತ್ತ ಬಂದ. "ದಲ್ಲಾಳಿ ಹತ್ರ ತೆಲುಗಲ್ಲೇ ಜಗಳ ಆಡಿದೆ ಕಣಮ್ಮ. ಎಲ್ಲಾರ್ಗಿಂತ ಜಾಸ್ತಿ ರೇಟು ನಿಂದೇ."

ಹರಿತಾ ಪಿಕಪ್ ಸ್ಟಾರ್ಟ್ ಮಾಡಿ ರೇಸ್ ಕೊಟ್ಟಳು. ಆವುಲಪ್ಪ ಸೈಲೆನ್ಸರಿನ ಮುಂದೆ ತನ್ನ ಬಿಳಿ ಟವೆಲ್ ಹಿಡಿದ. ತಿರುಗಿಸಿ ಮುರುಗಿಸಿ ನೋಡಿದ, ಮಸಿಯಿಲ್ಲ. ಆಮೇಲೆ ಮೆಲ್ಲಗೆ, "ನನ್ನ ಟೆಂಪೋದೂ ಬಿಚ್ಚಮ್ಮ. ತಗಡು ಇಟ್ಟು ನಾನೇ ಮುಚ್ಚಿದ್ದು" ಎಂದ.

೬
ಇಲ್ಲಿಗೆ ಮುಗಿಸಬಹುದಿತ್ತು. "ಎಲ್ಲ ಸರಿಹೋಯಿತು ಅಂತ ಬರೀಲಾ?" ಎಂದು ಹರಿತಾಳನ್ನು ಕೇಳಿದೆ.

"ಹೆಂಗ್ ಬರೀತೀರ ಸಾರ್? ಓಡೋ ಗಾಡಿ, ಮತ್ತೆ ಮಸಿ ಕಟ್ಟೇ ಕಟ್ಟುತ್ತೆ," ಎನ್ನುತ್ತ ಅವಳು ಟೆಂಪೋದ ಕೆಳಗೆ ತೂರಿದಳು. "ಆ ಹದಿಮೂರರ ಸ್ಪ್ಯಾನರ್ ಕೊಡಿ ಇತ್ತ."

ಹುಡುಕುತ್ತಿದ್ದೇನೆ.