ಕಾರ್ಡಿನಲ್ಲರಿಗೆ ಬಡಿಸಿದ ಕುಂಬಳಕಾಯಿ

೧
ಎಲ್ಲಿಂದ ಶುರು ಮಾಡಲಿ? ಯುದ್ಧದ ಕಥೆ, ಸೈರನ್ನಿನಿಂದ ಎಂದುಕೊಂಡೆ. ಸೈರನ್ನಿಗೆ ಈಗ ಕೀವ್‌ನ ನಾಯಿಗಳೇ ತಲೆಯೆತ್ತುವುದಿಲ್ಲ, ಓದುಗರಾದ ನೀವು ಎತ್ತುತ್ತೀರಾ? ಆ ಡ್ರಾಫ್ಟ್ ಕಸದ ಬುಟ್ಟಿ ಸೇರಿತು.

೨
ಸರಿ, ಅಧ್ಯಕ್ಷರ ಭವನದ ಅಡುಗೆಮನೆಯಿಂದಲೇ ಹೊರಡೋಣ. ಅಡುಗೆಯ ಒದಾರ್ಕಾಳ ಗಂಡ ಒಸ್ತಾಪ್ ಎರಡು ವರ್ಷದಿಂದ ಶತ್ರುಗಳ ಸೆರೆಯಲ್ಲಿದ್ದಾನೆ. ಸೆರೆಯಾಳುಗಳ ವಿನಿಮಯದ ಮಾತಿಗೆ ರೋಮಿನಿಂದ ಪೋಪರ ದೂತರಾಗಿ ಕಾರ್ಡಿನಲ್ ಬೆಲ್ಲಾಂಡಿ ಬಂದಿದ್ದಾರೆ, ಜೊತೆಗೆ ಇಲ್ಲಿನ ಬಿಷಪ್ ಯೂಲಿಯನ್. ಅಧ್ಯಕ್ಷೆ ಸೊಲೋಮಿಯಾ ‘ಹೂಂ’ ಅಂದರೆ ಒಸ್ತಾಪ್ ಮನೆಗೆ ಬಂದಾನು. (ನಿಜದ ಅಧ್ಯಕ್ಷರನ್ನು ಎಳೆದು ತರುವ ಧೈರ್ಯ ನನಗಿಲ್ಲ. ಈಕೆಯನ್ನು ನಾನೇ ಆರಿಸಿದ್ದು, ಒಂದೇ ಮತದಿಂದ.) ಊಟಕ್ಕೆ ನಾನು ಕುಂಬಳಕಾಯಿ ಗಂಜಿ ಬಡಿಸಿದೆ. ಬಣ್ಣ ಚೆನ್ನಾಗಿರುತ್ತದೆಂದು, ಅಷ್ಟೇ.

“ಏನ್ರೀ ಕಥೆಗಾರ್ರೇ, ತಲೆ ನೆಟ್ಟಗಿದೆಯಾ?” ಒದಾರ್ಕಾ ಸೌಟು ಎತ್ತಿದಳು. “ಹೆಣ್ಣು ಕೇಳೋಕೆ ಬಂದೋನಿಗೆ ‘ಒಲ್ಲೆ, ಹೋಗು’ ಅನ್ನೋಕೆ ನಾವು ಕುಂಬಳಕಾಯಿ ಕೊಡೋದು! ಸಂಧಾನಕ್ಕೆ ಬಂದೋರಿಗೆ ಅದನ್ನೇ ಬಡಿಸಿಬಿಟ್ರಲ್ಲಾ! ಇಷ್ಟು ವರ್ಷ ಇಲ್ಲೇ ನಮ್ಮ ಬೋರ್ಶ್ ಸಾರು ಕುಡ್ಕೊಂಡಿದ್ದೀರಿ, ಇಷ್ಟೂ ಗೊತ್ತಿಲ್ವಾ?”

(ಗೊತ್ತಿರಲಿಲ್ಲ. ನಾನು ಇಲ್ಲಿ ಕೇಳಿದ್ದು ಒಂದೇ ಹೆಣ್ಣನ್ನು. ಪಾಪ, ಅವಳು ಒಪ್ಪಿಬಿಟ್ಟಳು.)

“ಆ ಸಾಲು ಹೊಡೆದು ಹಾಕ್ಲಾ?”

“ಅವರು ಚಮಚ ಎತ್ತಾಯ್ತು. ಇನ್ನೇನು ಹೊಡೀತೀರಿ!”

೩
ಅಧ್ಯಕ್ಷೆ ಬಟ್ಟಲನ್ನೇ ನೋಡುತ್ತ ಕುಳಿತರು. ಬಿಷಪ್ ಕೆಮ್ಮಿ, ಕಾರ್ಡಿನಲ್ಲರ ಕಿವಿಯಲ್ಲಿ ವಿಷಯ ಉಸುರಿದರು. ಕುಂಬಳಕಾಯಿ ಎಂಬ ಮಾತು ಬಿದ್ದದ್ದೇ ತಡ, ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಬಾಗಿಲ ಹಿಂದೆ ಒದಾರ್ಕಾಳಿಗೆ ಅಳುವೇ ಬಂತು. ಗಂಡನ ಬಿಡುಗಡೆಗೆ ತನ್ನ ಕೈಯಾರೆ ಕಲ್ಲು ಹಾಕಿದೆನಲ್ಲ ಎಂದು.

ಕಾರ್ಡಿನಲ್ ಬಟ್ಟಲು ಖಾಲಿ ಮಾಡಿ, ಬಾಗಿಲ ಹಿಂದಿದ್ದ ಒದಾರ್ಕಾಳತ್ತ ಚಾಚಿದರು. “ಇನ್ನೊಂದು ಸೌಟು ಹಾಕಮ್ಮ. ನಾನು ಪಾದ್ರಿ. ಯಾವ ಹೆಣ್ಣು ಒಲ್ಲೆ ಅಂದ್ರೂ ನಂಗೇನು ನಷ್ಟ?”

ಬಿಷಪ್ಪರಿಗೆ ನಗು ತಡೆಯಲಾಗಲಿಲ್ಲ. ಅಧ್ಯಕ್ಷೆಯಂತೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ಮದುವೆಗೆ ಮುಂಚೆ ನಾನೂ ಮೂವರಿಗೆ ಕುಂಬಳಕಾಯಿ ಕೊಟ್ಟಿದ್ದೆ ಗುರುಗಳೇ. ಒಬ್ಬನೂ ಇನ್ನೊಂದು ಸೌಟು ಕೇಳ್ಲಿಲ್ಲ! ಒಲ್ಲೆ ಅಂದ್ರೂ ಏಳೋರಲ್ಲ ನೀವು. ಆ ಕಡೆಯವರ ಹತ್ರನೂ ಹೀಗೇ ಕೂತ್ಕೊಳ್ಳಿ. ಹೂಂ, ನಾನು ಒಪ್ಪಿದೆ. ನಮ್ಮವರನ್ನ ಕರ್ಕೊಂಡು ಬನ್ನಿ.”

(ರಾಜತಂತ್ರ ಇಷ್ಟು ಸುಲಭವೇ ಎನ್ನುವವರು ಪತ್ರಿಕೆ ಓದಿಕೊಳ್ಳಿ. ನನಗೆ ಖುಷಿಯಾಗಿದೆ.)

೪
ಮುಕ್ತಾಯ ಒಂದು: ಗಡಿಯಲ್ಲಿ ಬಸ್ಸು ನಿಂತಿತು, ಒಸ್ತಾಪ್ ಇಳಿದ.

“ಬಸ್ಸು ಇನ್ನೂ ಹೊರಟೇ ಇಲ್ಲ, ಸುಳ್ಳು ಬರೀಬೇಡಿ,” ಎಂದಳು ಒದಾರ್ಕಾ.

ಮುಕ್ತಾಯ ಎರಡು: ಬಸ್ಸಿನಿಂದ ಎಲ್ಲರೂ ಇಳಿದರು, ಒಸ್ತಾಪ್ ಮಾತ್ರ

ಪೆನ್ನು ಕಿತ್ತುಕೊಂಡಳು.

“ಹೇಗಾದ್ರೂ ಮುಗಿಸ್ಬೇಕಲ್ಲಮ್ಮ!” ಎಂದೆ. ನಮ್ಮ ಕಡೆ ಸಿನಿಮಾ ಚಿತ್ರೀಕರಣ ಮುಗಿದರೆ ಕುಂಬಳಕಾಯಿ ಒಡೆಯುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಇನ್ನೊಂದು ಉಳಿದಿತ್ತು. ಎರಡೂ ಕೈಯಲ್ಲಿ ಮೇಲೆತ್ತಿದೆ.

“ಇಡ್ರೀ ಕೆಳಗೆ!” ಒದಾರ್ಕಾ ಓಡಿ ಬಂದಳು. “ಅದು ನಮ್ಮ ಒಸ್ತಾಪಂದು. ಗಂಜಿ ಅಂದ್ರೆ ಅವನಿಗೆ ಪ್ರಾಣ. ಅವನು ಬಂದ್ಮೇಲೆ ನಾನೇ ಹೆಚ್ತೀನಿ.”

ಇಟ್ಟೆ. ಅವಳು ಅದನ್ನು ಒರೆಸಿ, ಕಿಟಕಿಯ ಬಳಿ ಬಿಸಿಲಿಗೆ ತಿರುಗಿಸಿಟ್ಟಳು.