ಉಂಡ ಕೌದಿ

ನಾನು ಕೌದಿ. ರಜಾಯಿ ಅಲ್ಲ, ಬೆಡ್‌ಶೀಟ್ ಅಲ್ಲ, ಗೋಡೆಗೆ ತೂಗುಹಾಕುವ ಕಲೆಯೂ ಅಲ್ಲ. ಈ ಮೂರೂ ಹೆಸರಿನಿಂದ ನನ್ನನ್ನು ಕರೆದವರಿದ್ದಾರೆ. ಯಾವುದಕ್ಕೂ ನಾನು ಓಗೊಟ್ಟಿಲ್ಲ. ಓಗೊಡಲು ಬಾಯಿ ಎಲ್ಲಿದೆ ಎಂದು ನೀವು ಕೇಳಬಹುದು. ಬಾಯಿ ಇಲ್ಲ, ನಿಜ. ಆದರೆ ಹೊಟ್ಟೆ ಇದೆ. ಅದರಿಂದಾಗಿಯೇ ಒಂದು ಮನೆಯಿಂದ ನನ್ನನ್ನು ಹೊರಹಾಕಲು ಹೊರಟಿದ್ದರು.

ನಾನು ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಮಗ್ಗದ ಸದ್ದು ನಿಂತುಹೋಗಿದ್ದ ಒಂದು ನೇಕಾರರ ಮನೆಯ ಪಡಸಾಲೆಯಲ್ಲಿ. ಹೊಲಿದವಳು ಫಕೀರವ್ವ. ಅವಳ ಸತ್ತುಹೋದ ತಂಗಿಯ ಮಗಳು ಅನಸೂಯಾ ಆಗ ನರ್ಸ್ ಕೆಲಸಕ್ಕೆಂದು ಮಸ್ಕತ್ತಿಗೆ ಹೊರಟಿದ್ದಳು. ಹೊರಡುವ ಹುಡುಗಿಗೆ ಕೊಡಲು ಫಕೀರವ್ವನ ಬಳಿ ಇದ್ದದ್ದು ಹಳೆಯ ಬಟ್ಟೆ ಮತ್ತು ಪುರುಸೊತ್ತು. ನನ್ನ ಕೆಳಮೈ ಆ ತಂಗಿಯ ಇಳಕಲ್ ಸೀರೆ. ಒಳಗೆ ಸವೆದ ಧೋತರಗಳು. ಮೇಲೆ ಅಂಗೈಯಗಲದ, ಕುಪ್ಪಸದ ಖಣದ ಚೂರುಗಳು, ಮಗ್ಗ ನಡೆಯುತ್ತಿದ್ದ ಕಾಲದಲ್ಲಿ ಕತ್ತರಿಸಿ ಉಳಿದವು. ಅವುಗಳ ನಡುವೆ ಒಂದು ಬಿಳಿಯ ತುಂಡು. ಅದು ಅನಸೂಯಾಳ ನರ್ಸಿಂಗ್ ಶಾಲೆಯ ಸಮವಸ್ತ್ರದ ತೋಳು.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ಒಳಗೆ ಬರುತ್ತದೆ. ನಾಲ್ಕು ತಿಂಗಳು ಸುತ್ತಿದ ಮೇಲೆ ನಟ್ಟನಡುವೆ ಒಂದು ಚೌಕ ಉಳಿಯಿತು. ಅದೇ ನನ್ನ ಹೊಟ್ಟೆ. ನಮ್ಮ ಕಡೆ ಅದನ್ನು ಬರಿದಾಗಿ ಮುಚ್ಚುವುದಿಲ್ಲ. ಫಕೀರವ್ವ ಹೋಳಿಗೆಯ ಚೂರನ್ನು ಹಂಚಿನ ಮೇಲೆ ಒಣಗಿ ಗಟ್ಟಿಯಾಗುವವರೆಗೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ ಅಲ್ಲಿಟ್ಟಳು.

“ಇದೇನ ದೊಡ್ಡವ್ವ, ಇರಿವಿ ಹತ್ತತಾವು” ಎಂದಳು ಅನಸೂಯಾ.

“ಹತ್ತಲಿ ಬಿಡು, ಅವಕ್ಕೂ ಹೊಟ್ಟಿ ಐತಿ. ಹಸಗೊಂಡ ಕೌದಿ ಹೊದ್ದರ ನಿದ್ದಿ ಹತ್ತಾಂಗಿಲ್ಲ.”

“ನಮ್ಮ ನರ್ಸಿಂಗದಾಗ ಹಂಗೇನೂ ಹೇಳಿಲ್ಲ.”

“ನಿಮ್ಮ ನರ್ಸಿಂಗದಾಗ ಸೂಜಿ ಚುಚ್ಚೂದಷ್ಟ ಕಲಿಸ್ಯಾರ. ಹೊಲಿಯೂದು ಕಲಿಸಿಲ್ಲ. ಸರಿ ಆ ಕಡೆ, ಬೆಳಕ ಬಿಡು.”

ಹೀಗೆ ನಾನು ಉಂಡು ಹೊರಟೆ.

ಮಸ್ಕತ್ತಿನ ಆಸ್ಪತ್ರೆಯ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಮೂರು ಮಂಚ. ಮಂಚಕ್ಕೆ ನಂಬರು. ಮೂವರ ಪಾಳಿ ಬೇರೆ ಬೇರೆಯಾದ್ದರಿಂದ ಯಾವಾಗಲೂ ಒಬ್ಬರು ಮಲಗಿರುತ್ತಿದ್ದರು, ಹಗಲಿನಲ್ಲೂ ಪರದೆ ಎಳೆದೇ ಇರುತ್ತಿತ್ತು. ಅಲ್ಲಿ ಮಾತಾಡುವುದೆಂದರೆ ಇನ್ನೊಬ್ಬರ ನಿದ್ದೆ ಕೆಡಿಸುವುದು. ಅನಸೂಯಾ ಡಬ್ಬಿಯ ಮುಚ್ಚಳವನ್ನು ಸದ್ದಿಲ್ಲದೆ ತೆರೆಯುವುದನ್ನು, ಅಳುವುದಿದ್ದರೆ ನನ್ನ ಅಂಚನ್ನು ಕಚ್ಚಿಕೊಂಡು ಅಳುವುದನ್ನು ಕಲಿತಳು. ನನ್ನ ಒಂದು ಮೂಲೆ ಇನ್ನುಳಿದ ಮೂರಕ್ಕಿಂತ ಬೇಗ ಸವೆದದ್ದು ಹಾಗೆ. ಇಪ್ಪತ್ತೆರಡು ವರ್ಷ ಅವಳು ಪಿಸುದನಿಯಲ್ಲಿ ಬದುಕಿದಳು.

ಊರಿಗೆ ಹೋಗುವಾಗ ನನ್ನನ್ನೂ ಸೂಟ್‌ಕೇಸಿನಲ್ಲಿ ಒಯ್ಯುತ್ತಿದ್ದಳು. ಅಲ್ಲಿ ಅಣ್ಣನ ಸಂಸಾರ ಬೆಳೆದು ಕೋಣೆಗಳೆಲ್ಲ ಹಂಚಿಹೋಗಿದ್ದವು. ನಡುಮನೆಯಲ್ಲಿ ಅವಳಿಗೆ ಚಾಪೆ. ಯಾರೂ ಕೆಟ್ಟವರಲ್ಲ. “ಸಂಕೋಚ ಮಾಡಬ್ಯಾಡವಾ, ನಿಂದ ಮನಿ ಐತಿ” ಎನ್ನುತ್ತಿದ್ದರು. ಸ್ವಂತ ಮನೆಯಲ್ಲಿರುವವರಿಗೆ ಯಾರೂ ಹಾಗೆ ಹೇಳುವುದಿಲ್ಲ. ಆ ಮಾತು ಕೇಳಿದ ದಿನಗಳಲ್ಲಿ ಅವಳು ನನ್ನನ್ನು ಕಿವಿ ಮುಚ್ಚುವಂತೆ ಹೊದ್ದು ಮಲಗುತ್ತಿದ್ದಳು.

ಒಮ್ಮೆ ಆಸ್ಪತ್ರೆಯ ಗೆಳತಿಯರೊಡನೆ ಐದು ದಿನದ ಪ್ರವಾಸಕ್ಕೆಂದು ಜಾರ್ಜಿಯಾ ದೇಶಕ್ಕೆ ಹೋದಳು. ಉಳಿದವರು ಶಾಲು ತಂದರು, ಜೇನುತುಪ್ಪ ತಂದರು. ಇವಳು ಕಪ್ಪು ಸಮುದ್ರದ ದಂಡೆಯ ಬಟುಮಿ ಊರಿನಲ್ಲಿ, ಹದಿನೇಳನೇ ಮಹಡಿಯ ಮೇಲೆ, ಒಂದೇ ಕೋಣೆಯ ಫ್ಲ್ಯಾಟ್ ಕೊಂಡು ಬಂದಳು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆ. ಬಾಡಿಗೆ ಬರುತ್ತಿದ್ದರೆ ಎರಡು ವರ್ಷ ಮುಂಚೆಯೇ ಕೆಲಸ ಬಿಡಬಹುದು ಎಂದು ಎಲ್ಲರಿಗೂ ಹೇಳಿದಳು. ನನಗೆ ಮಾತ್ರ ಬೇರೆಯದೂ ಗೊತ್ತಿತ್ತು. ಕಾಗದಪತ್ರಕ್ಕೆ ಸಹಿ ಹಾಕಿ ಮಸ್ಕತ್ತಿಗೆ ಮರಳಿದ ದಿನ ಅವಳು ನನ್ನ ಮೇಲೆ ಕುಳಿತು ಆ ಮನೆಯ ಕೀಲಿಯನ್ನು ಬಹಳ ಹೊತ್ತು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಿದ್ದಳು.

ಮುಂದಿನ ರಜೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಮನೆ ಮಾರುವುದೆಂದರೆ ಬರೀ ಸಿಮೆಂಟಿನ ಗೋಡೆ ಕೊಡುವುದು. ನಲ್ಲಿ ಇಲ್ಲ, ನೆಲಕ್ಕೆ ಹಾಸು ಇಲ್ಲ. ಮೂರು ವಾರ ಅವಳು ಅಂಗಡಿಯಿಂದ ಅಂಗಡಿಗೆ ಓಡಾಡಿದಳು. ಮಂಚ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂತು. ಅದನ್ನು ತಾನೇ ಜೋಡಿಸಿ, ಕೊನೆಯಲ್ಲಿ ನಾಲ್ಕು ಸ್ಕ್ರೂ ಉಳಿದಾಗ ಮಂಚದ ಕಡೆ ಅನುಮಾನದಿಂದ ನೋಡಿದಳು. ಆ ಮಂಚ ಇವತ್ತಿಗೂ ಗಟ್ಟಿಯಾಗಿದೆ. ಫೋನಿನ ಪರದೆಯಲ್ಲಿ ಫಕೀರವ್ವನಿಗೆ ಎಲ್ಲ ತೋರಿಸುತ್ತಿದ್ದಳು.

“ಒಲಿ ಎಲ್ಲೈತಿ?”

“ಇದ ಒಲಿ ದೊಡ್ಡವ್ವ, ಈ ಕರೇ ಗಾಜು.”

“ಬೆಂಕಿ ಕಾಣಸಾಂಗಿಲ್ಲ, ಹೊಗಿ ಬರಾಂಗಿಲ್ಲ. ಅನ್ನ ಆದದ್ದಾದರೂ ಕಾಣತೈತೋ ಇಲ್ಲೋ? ಇರಲಿ, ಆರು ತಾಟು ಯಾರಿಗೆ? ಮಲಗಾವ್ರು ಇಬ್ಬರು ಅಂದಿ.”

“ಒಂದ ತಾಟು ತಗೊಂಡ್ರ ಮನಿ ಅನಸಾಂಗಿಲ್ಲ.”

ಫಕೀರವ್ವ ಆರೂ ತಾಟನ್ನು ಒಂದೊಂದಾಗಿ ಪರದೆಗೆ ಹಿಡಿಸಿ ನೋಡಿದಳು.

ಬಾಡಿಗೆಯ ವ್ಯವಹಾರ ನೋಡಿಕೊಳ್ಳುವ ಕಂಪನಿಯಿಂದ ಗಿಯೋರ್ಗಿ ಎಂಬ ತರುಣ ಬಂದ. ಅವನದೂ ಅವಳದೂ ಎರವಲು ಇಂಗ್ಲಿಷ್. ಅವನ ಕೈಯಲ್ಲಿ ಒಂದು ಪಟ್ಟಿ ಇತ್ತು. ಹಾಸಿಗೆ ಬಿಳಿ, ಹೊದಿಕೆ ಬಿಳಿ, ದಿಂಬು ಬೂದು, ಗೋಡೆಗೆ ಸಮುದ್ರದ ಚಿತ್ರ.

“ಕಿಟಕಿಯಲ್ಲೇ ಸಮುದ್ರ ಇದೆಯಲ್ಲ?” ಎಂದಳು ಅನಸೂಯಾ.

“ಫೋಟೋದಲ್ಲಿ ಕಿಟಕಿ ಸರಿಯಾಗಿ ಬರುವುದಿಲ್ಲ ಮೇಡಂ. ಚಿತ್ರ ಬರುತ್ತದೆ.”

ವರ್ಷಕ್ಕೆ ಹದಿನಾಲ್ಕು ದಿನ ಮಾಲೀಕರು ತಂಗಬಹುದು, ಅದಕ್ಕೂ ಮೊದಲೇ ತಿಳಿಸಬೇಕು ಎಂದು ಕರಾರಿನಲ್ಲಿತ್ತು. ಎಲ್ಲದಕ್ಕೂ ಅವಳು ತಲೆಯಾಡಿಸಿದಳು. ನನ್ನನ್ನು ಮಂಚದಿಂದ ತೆಗೆಯಲು ಮಾತ್ರ ಒಪ್ಪಲಿಲ್ಲ. ಅವನು ನಕ್ಕು, “ಒಂದು ಬಣ್ಣದ ವಸ್ತು ಇರಲಿ, ನಡೆಯುತ್ತದೆ” ಎಂದ. ನಾನು ಒಂದು ಬಣ್ಣವಂತೆ! ನನ್ನಲ್ಲಿ ಎಷ್ಟು ಬಣ್ಣವಿದೆ ಎಂದು ಎಣಿಸಲು ಅವನಿಗೆ ಆ ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು.

ಮಸ್ಕತ್ತಿಗೆ ಹೊರಡುವ ಮುನ್ನ ಅನಸೂಯಾ ಒಂದು ತಪ್ಪು ಮಾಡಿದಳು. ಬರುವವರು ನನ್ನನ್ನು ಹಾಳುಮಾಡಬಾರದೆಂದು, ಗುಳೇದಗುಡ್ಡದಲ್ಲಿ ಹೇಗೆ ಹೇಳುತ್ತಾರೋ ಹಾಗೇ, ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ ಒಂದು ಕಾರ್ಡು ಬರೆದು ದಿಂಬಿನ ಬಳಿ ಇಟ್ಟಳು: “ಇದು ಕೌದಿ. ದಯವಿಟ್ಟು ಇದರ ಹೊಟ್ಟೆಯ ಮೇಲೆ ಇಸ್ತ್ರಿ ಇಡಬೇಡಿ. ಇದು ಉಂಡಿದೆ.”

ಆ ಬೇಸಿಗೆಯಲ್ಲಿ ಎಷ್ಟೋ ಜನ ಬಂದರು. ಮಲಗಿದವನನ್ನು ಮೈಗೆ ತಾಗಿಕೊಂಡು ನೋಡಿದರೆ ಅವನ ಬಗ್ಗೆ ಬಹಳಷ್ಟು ತಿಳಿಯುತ್ತದೆ. ಒಬ್ಬಳು ನನ್ನನ್ನು ಗೋಡೆಗೆ ಹಿಡಿಸಿ ಮುಂದೆ ನಿಂತು ತನ್ನ ಫೋಟೋ ತೆಗೆದುಕೊಂಡಳು, ಹೊದೆಯಲಿಲ್ಲ. ಜಗಳವಾಡಿಕೊಂಡು ಬಂದ ಗಂಡಹೆಂಡಿರು ನನ್ನ ಎರಡು ಅಂಚುಗಳನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಂಡೇ ಬೆಳಗು ಮಾಡಿದರು. ಕಾರ್ಡನ್ನು ಓದಿದವರು ಹೆಚ್ಚಾಗಿ ನಕ್ಕು ಸುಮ್ಮನಾದರು.

ಸೆಪ್ಟೆಂಬರಿನಲ್ಲಿ ಒಂದು ಜೋಡಿ ಬಂತು. ಹೆಂಗಸು ಕಾರ್ಡನ್ನು ಎರಡು ಸಲ ಓದಿದಳು. ಗಂಡಸು ನನ್ನ ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಳಗಿನದು ಕೈಗೆ ಸಿಕ್ಕಿತು. ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಹಿಂದೆಗೆದ. ಆಮೇಲೆ ಕಾಲಿನಿಂದ ನನ್ನನ್ನು ಬಾಲ್ಕನಿಗೆ ತಳ್ಳಿದ. ಮರುದಿನ ಅವರು ಬಾಡಿಗೆಯ ಜಾಲತಾಣದಲ್ಲಿ ಎಲ್ಲರೂ ಓದುವಂತೆ ಬರೆದರು: “ಹಾಸಿಗೆಯಲ್ಲಿ ಹಳೆಯ ಆಹಾರ ಇದೆ. ಮಾಲೀಕರೇ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ.”

ಮನೆ ಗುಡಿಸಿ ಒರೆಸುತ್ತಿದ್ದ ಲಾಲಿಗೆ ಗಿಯೋರ್ಗಿಯ ಫೋನು ಬಂತು. ಲಾಲಿ ಐವತ್ತು ದಾಟಿದ ಹೆಂಗಸು. ಅವರ ಭಾಷೆಯಲ್ಲಿ ಆ ಹೆಸರಿಗೆ ಮಾಣಿಕ್ಯ ಎಂದು ಅರ್ಥವಂತೆ, ಅನಸೂಯಾ ಕೇಳಿ ತಿಳಿದಿದ್ದಳು. ಅವಳು ನನ್ನನ್ನು ಸುತ್ತಿಕೊಂಡು ಲಿಫ್ಟಿನ ಪಕ್ಕದ ಕಸದ ಕೋಣೆಗೆ ನಡೆದಳು. ಮುಚ್ಚಳ ಎತ್ತಿದಳು. ಅಲ್ಲೇ ನಿಂತಳು. ನನ್ನ ಹೊಲಿಗೆಯ ಮೇಲೆ ಅವಳ ಬೆರಳು ಅಂಚಿನಿಂದ ಹೊರಟು ಒಂದು ಸುತ್ತು, ಎರಡು ಸುತ್ತು ಒಳಗೆ ಬಂತು. ಏನೋ ಗೊಣಗಿದಳು. ಅವಳ ಭಾಷೆ ನನಗೆ ಬಾರದು, ಆದರೆ ಬೈಗುಳವನ್ನು ಯಾವ ಭಾಷೆಯಲ್ಲೂ ಗುರುತಿಸಬಲ್ಲೆ. ಅದು ನನಗೆ ಬೈದದ್ದಲ್ಲ. ವಾಪಸು ತಂದು ಮನೆಯೊಡತಿಯ ಬೀಗದ ಕಪಾಟಿನೊಳಗೆ ಇಟ್ಟಳು. ಆ ಕಪಾಟಿನ ಕೀಲಿ ಅವಳ ಬಳಿ ಇರಬಾರದಿತ್ತು. ಇತ್ತು.

ಐದು ತಿಂಗಳು ಅಲ್ಲಿದ್ದೆ. ಹೊರಗೆ ಬಿಳಿಯ ಹೊದಿಕೆಯ ಮೇಲೆ ಯಾರೋ ಬಂದರು, ಯಾರೋ ಹೋದರು, ಕೋಣೆಯಲ್ಲಿ ಯಾರ ವಾಸನೆಯೂ ಉಳಿಯಲಿಲ್ಲ. ಒಂದು ಮನೆಯನ್ನು ಯಾರದೂ ಅಲ್ಲದಂತೆ ಇಡುವುದು ಎಷ್ಟು ಕಷ್ಟದ ಕೆಲಸ ಎಂದು ಕತ್ತಲೆಯಲ್ಲಿ ಯೋಚಿಸಿದೆ. ಎಷ್ಟೊಂದು ತೊಳೆಯಬೇಕು. ನನ್ನ ಮೈಮೇಲೂ ಬಿಳಿಯಿದೆ, ಅನಸೂಯಾಳ ಸಮವಸ್ತ್ರದ ತೋಳು. ಆದರೆ ಆ ತೋಳಿಗೆ ಒಂದು ಕೈ ಇತ್ತು.

ಫೆಬ್ರವರಿಯಲ್ಲಿ ಅನಸೂಯಾ ತನ್ನ ಹದಿನಾಲ್ಕು ದಿನಕ್ಕೆ ಬಂದಳು. ಕಪಾಟು ತೆರೆದು ನನ್ನನ್ನು ಮಂಚದ ಮೇಲೆ ಹಾಸುತ್ತಿರುವಾಗಲೇ ಗಿಯೋರ್ಗಿ ಬಂದ. ಲಾಲಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಳು. ಮೇಜಿನ ಮೇಲೆ ಆನಿಸಿಟ್ಟ ಫೋನಿನಲ್ಲಿ ಫಕೀರವ್ವ ಇದ್ದಳು.

ಗಿಯೋರ್ಗಿ ಒಳ್ಳೆಯ ಮಾತಿನಲ್ಲೇ ಹೇಳಿದ. ಕೌದಿ ಈ ಮನೆಯಲ್ಲಿ ಇರುವಂತಿಲ್ಲ, ಕಪಾಟಿನಲ್ಲಿ ಕೂಡ. ಇಟ್ಟುಕೊಳ್ಳಲೇಬೇಕೆಂದರೆ ನಡುವಿನ ಹೊಲಿಗೆ ಬಿಚ್ಚಿ ಒಳಗಿನದನ್ನು ತೆಗೆಯಬೇಕು, ತೆಗೆದದ್ದರ ಫೋಟೋ ಕಳಿಸಬೇಕು. ಎರಡೂ ಆಗದಿದ್ದರೆ ಕಂಪನಿ ಈ ಫ್ಲ್ಯಾಟನ್ನು ಕೈಬಿಡುತ್ತದೆ. ಅವನು ಜೇಬಿನಿಂದ ಪುಟ್ಟ ಕತ್ತರಿ ತೆಗೆದು ನನ್ನ ಪಕ್ಕದಲ್ಲಿಟ್ಟ.

“ಏನಂತಾನ ಅಂವಾ?” ಎಂದಳು ಫಕೀರವ್ವ.

“ಹೊಟ್ಟಿ ಬಿಚ್ಚು ಅಂತಾನ.”

ಫಕೀರವ್ವ ಪರದೆಗೆ ಇನ್ನಷ್ಟು ಹತ್ತಿರ ಬಂದಳು. ಆಮೇಲೆ ಹೇಳಿದಳು: “ಬಿಚ್ಚಿಬಿಡ ಮಗಳ. ಇಪ್ಪತ್ತ ವರ್ಷದ ಹೋಳಿಗಿ, ಅದರಾಗ ಏನ ಉಳದೈತಿ? ಒಂದ ತುಣುಕಿನ ಸಲುವಾಗಿ ಮನಿ ಕಳಕೋಬ್ಯಾಡ. ನಾ ಬ್ಯಾರೇದ ಹೊಲದ ಕೊಡತೇನಿ.”

ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಹೊಲಿದವಳೇ ಬಿಚ್ಚು ಎಂದಳು.

ಅನಸೂಯಾ ಕತ್ತರಿ ಕೈಗೆತ್ತಿಕೊಂಡಳು. ಇಪ್ಪತ್ತೆರಡು ವರ್ಷ ಹೊಲಿಗೆ ಬಿಚ್ಚಿದ ಕೈ ಅದು, ಗಾಯದ ಹೊಲಿಗೆ. ಒಂದು ದಾರವನ್ನು ಎತ್ತಿ ಹಿಡಿದಳು. ಕತ್ತರಿಸಲಿಲ್ಲ.

“ಗಿಯೋರ್ಗಿ, ಇದು ಯಾರ ಮನೆ?” ಎಂದಳು.

“ಕಾಗದದ ಮೇಲೆ ನಿಮ್ಮದೇ ಮೇಡಂ.”

ಅವನಿಗೆ ಕೆಡುಕಿನ ಉದ್ದೇಶವೇನೂ ಇರಲಿಲ್ಲ. ಅವಳು ಆ ಕತ್ತರಿಯನ್ನು ಮಡಚಿದ ಟವೆಲಿನ ಮೇಲೆ, ಆಪರೇಷನ್ ಮುಗಿದ ಮೇಲೆ ಇಡುವಂತೆ ಇಟ್ಟಳು. ಆಮೇಲೆ ಮಾತಾಡಿದ ದನಿ ನಾನು ಅದುವರೆಗೆ ಕೇಳಿರದ ದನಿ. ಪಿಸುಮಾತಲ್ಲ. ಗೋಡೆಗೆ ತಾಗಿ ತಿರುಗಿ ಬರುವಷ್ಟು ದೊಡ್ಡದು.

“ಹಾಗಾದರೆ ಕೈಬಿಡಿ. ಹೋಗುವಾಗ ಆ ಸಮುದ್ರದ ಚಿತ್ರ ತೆಗೆದುಕೊಂಡು ಹೋಗಿ.”

“ಬಾಡಿಗೆ ನಿಲ್ಲುತ್ತದೆ ಮೇಡಂ. ನೀವು ಬೇಗ ಕೆಲಸ ಬಿಡಬೇಕು ಅಂದಿದ್ದಿರಿ.”

“ಎರಡು ವರ್ಷ ಜಾಸ್ತಿ ಮಾಡುತ್ತೇನೆ. ರಾತ್ರಿ ಪಾಳಿ ನನಗೆ ಹೊಸದಲ್ಲ.”

ಫೋನಿನಿಂದ ಫಕೀರವ್ವ ಕೂಗಿದಳು: “ಏನಾತವ್ವ? ಬಿಚ್ಚಿದೇನು?”

“ಇಲ್ಲ ದೊಡ್ಡವ್ವ. ಬಿಚ್ಚಾಂಗಿಲ್ಲ. ನೀನ ಹೇಳಿದ್ರೂ ಬಿಚ್ಚಾಂಗಿಲ್ಲ.”

“ಹೌದಾ? ಹಂಗಾದ್ರ ಆ ಹುಡುಗಗ ಒಂದ ಮಾತ ಹೇಳು. ಅಂವಾ ಮುಂಜಾನೆ ಏನ ತಿಂದಾನಂತ ನಾವೂ ಬಿಚ್ಚಿ ನೋಡತೇವಂತ ಹೇಳು!”

ಅನಸೂಯಾ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಆದರೂ ಬಾಗಿಲಲ್ಲಿದ್ದ ಲಾಲಿ ನಕ್ಕಳು. ಗಿಯೋರ್ಗಿ ಸ್ಟೂಲು ಹತ್ತಿ ಚಿತ್ರ ಇಳಿಸಿದ. ಅದರ ಹಿಂದಿನ ಗೋಡೆಯ ಮೇಲೆ ಚೌಕಾಕಾರದ ಗುರುತು ಉಳಿಯಿತು.

ಅವಳು ಹೇಳಿದಂತೆಯೇ ಮಾಡಿದಳು. ಎರಡು ವರ್ಷ ಹೆಚ್ಚಿಗೆ ದುಡಿದಳು. ಸೊಂಟ ಹಿಡಿದುಕೊಂಡಿತು, ಕೂದಲು ಪೂರ್ತಿ ಬೆಳ್ಳಗಾಯಿತು. ಅದು ಸಣ್ಣ ನಷ್ಟವೆಂದು ನಾನು ಹೇಳಲಾರೆ. ಬೇಸಿಗೆಯಲ್ಲಿ ಲಾಲಿಯ ಮೂಲಕ ಕೆಲವರು ಬಾಡಿಗೆಗೆ ಬರುತ್ತಿದ್ದರು. ಕಾರ್ಡು ಓದಿ ಒಪ್ಪಿದವರು ಮಾತ್ರ. ಹೆಚ್ಚು ಜನ ಒಪ್ಪಲಿಲ್ಲ. ಮನೆ ತಿಂಗಳುಗಟ್ಟಲೆ ಖಾಲಿ ಇರುತ್ತಿತ್ತು. ಖಾಲಿ ಮನೆಗೂ ಯಾರದೂ ಅಲ್ಲದ ಮನೆಗೂ ವ್ಯತ್ಯಾಸವಿದೆ ಎಂದು ನಾನು ಆಗ ತಿಳಿದೆ. ಖಾಲಿ ಮನೆ ಕಾಯುತ್ತದೆ.

ಕಳೆದ ಮಾರ್ಚಿನಲ್ಲಿ ಅವಳು ಕೆಲಸ ಬಿಟ್ಟಳು. ಈಗ ವರ್ಷದ ಕೆಲವು ತಿಂಗಳು ಇಲ್ಲೇ ಇರುತ್ತಾಳೆ. ಅವಳು ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ತೆರೆಯುತ್ತಾಳೆ. ಸ್ನಾನ ಮಾಡುತ್ತ ಹಾಡುತ್ತಾಳೆ, ರಾಗ ತಪ್ಪಿಸಿ. ನಾನು ಮುದಿಯಾಗಿದ್ದೇನೆ. ಖಣದ ಬಣ್ಣ ಇಳಿದಿದೆ, ಅಂಚುಗಳಲ್ಲಿ ಒಳಗಿನ ಧೋತರ ಇಣುಕುತ್ತದೆ. ನನ್ನನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡು ಎಂದು ಬಂದವರು ಹೇಳುತ್ತಾರೆ. ಕಾಪಾಡಿಸಿಕೊಳ್ಳುವುದು ನನಗೆ ಬೇಡ. ಹೊದ್ದು ಹೊದ್ದು ಮುಗಿದುಹೋಗುವುದೇ ನನ್ನಂಥವರ ಕೆಲಸ.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಅವಳು ನನ್ನನ್ನು ಹೊದ್ದು ಮಲಗಿದ್ದಳು. ಕಂಪನಿ ಬಾಗಿಲಿಗೆ ಹಾಕಿದ್ದ ನಂಬರಿನ ಬೀಗವನ್ನು ಹೊರಗಿನಿಂದ ಯಾರೋ ಒತ್ತಿದರು. ಬೀಗ ಕಿರ್ ಎಂದು ಮುನಿಸಿಕೊಂಡಿತು. ಮತ್ತೆ ಒತ್ತಿದರು. ಕಂಪನಿಯ ಹಳೆಯ ಪಟ್ಟಿಯಲ್ಲಿ ನಮ್ಮ ಮನೆಯ ವಿಳಾಸವೂ ಬೀಗದ ಹಳೆಯ ನಂಬರೂ ಇನ್ನೂ ಅಳಿಸಿಲ್ಲ. ಹೀಗೆ ಯಾರಾದರೂ ಸೂಟ್‌ಕೇಸು ಎಳೆದುಕೊಂಡು ಬರುವುದುಂಟು. ಆಮೇಲೆ ಬಾಗಿಲು ಬಡಿದು, “ಹಲೋ? ಯಾರಾದರೂ ಇದ್ದೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅನಸೂಯಾ ಕಣ್ಣು ಕೂಡ ತೆರೆಯಲಿಲ್ಲ. ಹದಿನೇಳು ಮಹಡಿಗೂ ಕೇಳಿಸುವಂತೆ, ಗುಳೇದಗುಡ್ಡದ ಓಣಿಯ ದನಿಯಲ್ಲಿ ಕೂಗಿದಳು:

“ಯಾರ್ರೀ ಅವರು? ಒಳಗ ಮಂದಿ ಅದಾರ!”

ಹೊರಗೆ ಬಡಿತ ನಿಂತಿತು. ಅವರಿಗೆ ಕನ್ನಡ ಬರುವುದು ಸಾಧ್ಯವೇ ಇಲ್ಲ, ಆದರೆ ಅರ್ಥವಾಗಿತ್ತು. ಗಾಲಿಗಳು ಕಾರಿಡಾರಿನುದ್ದಕ್ಕೂ ಉರುಳುತ್ತ ದೂರ ಹೋದವು. ಅವರಿಗೆ ಇನ್ನೊಂದು ಬಿಳಿಯ ಕೋಣೆ ಸಿಕ್ಕಿರುತ್ತದೆ. ಈ ಕಟ್ಟಡದಲ್ಲಿ ಅವಕ್ಕೇನೂ ಬರವಿಲ್ಲ.

ಅವಳು ಮಗ್ಗುಲಾಗಿ ನನ್ನನ್ನು ಬಲವಾಗಿ ಎಳೆದುಕೊಂಡಳು. ನನ್ನ ಒಂದು ದಾರ ಪಟ್ಟೆಂದು ಹರಿಯಿತು.

ಹರಿಯಲಿ.