ಎಡವಟ್ಟ ಬೀಳುವ ಬಗೆ

ಬಿಸಿಲುಗಾಲ. ಫ್ಯಾನ್ ಹಾಕಿದರೆ ಹಾಳೆಗಳು ಹಾರುತ್ತವೆಂದು ಕಾರ್ಟೂನ್ ಬರೆಯುವ ಕೋಣೆಯಲ್ಲಿ ಎಲ್ಲರೂ ಬೆವರುತ್ತಲೇ ಗೆರೆ ಎಳೆಯುತ್ತಿದ್ದರು. ಟೀವಿಯಲ್ಲಿ ವಾರವಾರ ಬರುವ ಎಡವಟ್ಟ ಎಂಬ ಹುಡುಗನನ್ನು ಆ ದಿನ ಏಣಿಯಿಂದ ಬೀಳಿಸಬೇಕಿತ್ತು. ಕೈಹಾಕಿದ ಕೆಲಸವನ್ನೆಲ್ಲ ಕೆಡಿಸುವ ಹುಡುಗ. ಕೆಟ್ಟ ಮೇಲೂ ನಗುವವನು. ಬಣ್ಣದ ಡಬ್ಬ ಹಿಡಿದು ಏಣಿಯ ತುದಿಯಲ್ಲಿ ನಿಂತದ್ದನ್ನೂ, ಮೈಯೆಲ್ಲ ಬಣ್ಣವಾಗಿ ನೆಲದಲ್ಲಿ ಕೂತದ್ದನ್ನೂ ಕೋಣೆಯ ಹಿರಿಯ ಚಿತ್ರಗಾರರಾದ ಮೇಷ್ಟ್ರು ಬರೆದಿದ್ದರು. ಅವೆರಡರ ನಡುವೆ ಬೀಳುವುದನ್ನು ತೋರಿಸುವ ಹಾಳೆಗಳು ಅಲ್ಲೇ ಕೆಲಸಕ್ಕಿದ್ದ, ಗೋಡೆಗೆ ಬಣ್ಣ ಬಳಿಯುವವನೊಬ್ಬನ ಹೆಂಡತಿಯ ಪಾಲಿಗೆ ಬಂದಿದ್ದವು.

ಮೇಷ್ಟ್ರು ಅವಳ ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ನೋಡಿದರು.

"ಮತ್ತೆ ಕೈ ಮುಂದೆ ಚಾಚಿದಾನಲ್ಲಮ್ಮ. ಬೀಳ್ತೀನಿ ಅಂತ ಮೊದಲೇ ಗೊತ್ತಾದ್ರೆ ಯಾರು ನಗ್ತಾರೆ?"

"ಬೀಳುವಾಗ ಕೈ ತಾನಾಗೇ ಬರುತ್ತಲ್ಲ ಸಾರ್."

"ನಮಗೆ ಬರುತ್ತೆ, ಅವನಿಗೆ ಬರಬಾರದು. ಸಂಜೆಯೊಳಗೆ ಸರಿಹೋಗದಿದ್ರೆ ವಾಪಸ್ ಬಣ್ಣ ತುಂಬೋ ಮೇಜಿಗೆ ಹೋಗು."

ಆ ಮೇಜಿನಿಂದ ಈ ಮೇಜಿಗೆ ಬರಲು ಅವಳು ವರ್ಷಗಟ್ಟಲೆ ಕಾದಿದ್ದಳು. ಅಳಿಸಿ ಬರೆದಳು. ಕೈ ತೆಗೆದರೆ ಹುಡುಗ ಮೂಟೆಯಂತೆ ಬೀಳುತ್ತಿದ್ದ. ನಗು ಬರುವ ಬದಲು ಅಯ್ಯೋ ಅನ್ನಿಸುತ್ತಿತ್ತು.

ಮಧ್ಯಾಹ್ನ, ಪಕ್ಕದ ಬೀದಿಯಲ್ಲಿ ಕೆಲಸಕ್ಕಿದ್ದ ಗಂಡ ಊಟಕ್ಕೆ ಬಂದ. ಇಬ್ಬರೂ ಮೆಟ್ಟಿಲ ಮೇಲೆ ಕೂತರು.

"ರೀ, ಏಣಿಯಿಂದ ಬೀಳೋವಾಗ ಕೈ ಎಲ್ಲಿರುತ್ತೆ?"

"ಡಬ್ಬದ ಮೇಲೆ," ಎಂದ, ತುತ್ತು ನುಂಗುತ್ತ. "ಎರಡೂ ಕೈಲಿ ಮೇಲೆತ್ತಿ ಹಿಡಿದಿದ್ದೆ. ಒಂದು ತೊಟ್ಟು ಚೆಲ್ಲಲಿಲ್ಲ. ಮನೆ ಯಜಮಾನ್ರೇ ಭೇಷ್ ಅಂದ್ರು."

ಅಂದವನು ನಾಲಿಗೆ ಕಚ್ಚಿಕೊಂಡ.

"ಯಾವಾಗ ಬಿದ್ದಿದ್ದು?"

"ಸುಮ್ನೆ ಮಾತಿಗೆ ಹೇಳಿದೆ ಕಣೇ."

"ಮಾತಿಗೆ ಯಜಮಾನ್ರೂ ಬಂದು ಭೇಷ್ ಅಂದ್ರಾ?"

ಅವನಿಗೆ ಇದ್ದಕ್ಕಿದ್ದಂತೆ ಕೆಲಸ ನೆನಪಾಯಿತು. ಅರ್ಧ ಊಟಕ್ಕೇ ಎದ್ದುಹೋದ.

ಅವಳು ಒಳಗೆ ಬಂದು ಹೊಸ ಹಾಳೆ ತೆಗೆದಳು. ಹಾಳೆಯಲ್ಲಿ ಏಣಿ ಜಾರಿತು. ಎಡವಟ್ಟ ನೆಲದತ್ತ ನೋಡಲೇ ಇಲ್ಲ. ಕೂಸನ್ನು ಎತ್ತಿದಂತೆ ಡಬ್ಬವನ್ನು ಎರಡೂ ಕೈಲಿ ಮೇಲೆತ್ತಿ, ಹಲ್ಲು ಕಿರಿಯುತ್ತ ಇಳಿದುಬಂದ. ಕುಂಡೆ ನೆಲಕ್ಕೆ ತಾಗಿ, ಒಂದು ತೊಟ್ಟೂ ಚೆಲ್ಲಲಿಲ್ಲವೆಂದು ಅವನು ಹಿಗ್ಗುವಷ್ಟರಲ್ಲಿ ಡಬ್ಬ ತಲೆಯ ಮೇಲೆ ಮಗುಚಿತು.

ಮೇಷ್ಟ್ರು ಹಾಳೆಗಳನ್ನು ಸರ್ರನೆ ಬಿಟ್ಟು ನೋಡಿದರು. ಮತ್ತೆ ನೋಡಿದರು. ಪಕ್ಕದ ಮೇಜಿನವರನ್ನು ಕರೆದು ತೋರಿಸುತ್ತ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಲ್ಲಿ ಸಿಕ್ತಮ್ಮ ಇದು?"

"ಮನೇಲೇ ಇತ್ತು ಸಾರ್. ನನಗೇ ಗೊತ್ತಿರಲಿಲ್ಲ."

"ಈ ಮೇಜು ನಿನ್ನದೇ ಇರಲಿ ಬಿಡು."

ಎಲ್ಲರೂ ನಗುತ್ತಿದ್ದರು. ಅವಳೊಬ್ಬಳು ನಗಲಿಲ್ಲ.

"ಇವತ್ತು ಸ್ವಲ್ಪ ಬೇಗ ಹೋಗ್ಲಾ ಸಾರ್? ಮನೇಲೊಬ್ರು ನಂಗೊಂದು ಮಾತು ಬಾಕಿ ಇಟ್ಕೊಂಡಿದಾರೆ."

"ವಸೂಲಾಗುತ್ತಾ?"

"ನೋಡ್ಬೇಕು," ಎಂದು ಪೆನ್ಸಿಲ್ ಎತ್ತಿಟ್ಟಳು. "ಊಟ ಬಿಟ್ಟು ಓಡಿಹೋಗಿರೋ ಸಾಲಗಾರ."